ಸತ್ತ ಬಾತು ಒಂದೂ ಇಲ್ಲ

ಡಾಕ್ಟರ್ ಶಹೀರಾ ಕೈರೋದಿಂದ ತರುತ್ತಿದ್ದ ಹಾಳೆಯಲ್ಲಿ ಹನ್ನೊಂದು ಪ್ರಶ್ನೆಗಳಿದ್ದವು. ಏಳನೆಯದನ್ನು ಕೇಳುವಾಗ ಇನ್ಸಾಫಳಿಗೆ ಪ್ರತಿಸಲವೂ ಮುಜುಗರವಾಗುತ್ತಿತ್ತು. "ಕಳೆದ ತಿಂಗಳು ನಿಮ್ಮ ಮನೆಯಲ್ಲಿ ಕೋಳಿ, ಬಾತು ಏನಾದರೂ ಸತ್ತಿದೆಯೇ?" ಮಾನವಂತ ಹೆಂಗಸನ್ನು ಹೀಗೆಲ್ಲ ಕೇಳುವುದುಂಟೆ? ನಿಮ್ಮ ಮನೆಯಲ್ಲಿ ಕಸ ಗುಡಿಸುತ್ತೀರಾ ಎಂದು ಕೇಳಿದಷ್ಟೇ ಒರಟು ಮಾತು. ಆದರೆ ಊರಿನ ಆರೋಗ್ಯ ಕಾರ್ಯಕರ್ತೆಯಾದ ಮೇಲೆ ಕೇಳದೆ ಗತಿಯಿಲ್ಲ. ಅವಳು ಕೇಳುತ್ತಿದ್ದಳು, ಕಫ್ರ್ ಅಬು ಸನಾ ಎಂಬ ಆ ಊರಿನ ಹೆಂಗಸರು "ಇಲ್ಲಮ್ಮಾ, ಒಂದೂ ಇಲ್ಲ" ಎನ್ನುತ್ತಿದ್ದರು, ಅವಳು ಸೊನ್ನೆ ಬರೆಯುತ್ತಿದ್ದಳು. ಶಹೀರಾ ಅಷ್ಟರಲ್ಲಿ ಬಾತುಗಳ ಕೊಕ್ಕು ಬಿಡಿಸಿ ಗಂಟಲಿಗೆ ಹತ್ತಿಕಡ್ಡಿ ಆಡಿಸಿ, ಹೆಂಗಸರ ತೋಳಿನಿಂದ ಒಂದಿಷ್ಟು ರಕ್ತ ತೆಗೆದು, ಎಲ್ಲವನ್ನೂ ಮಂಜುಗಡ್ಡೆಯ ಪೆಟ್ಟಿಗೆಗೆ ಸೇರಿಸುತ್ತಿದ್ದಳು. ಹೀಗೆ ನಾಲ್ಕು ಚಳಿಗಾಲ ಕಳೆದಿತ್ತು.

ಆ ದಿನ ಬೆಳಗ್ಗೆ ಇಬ್ಬರೂ ಇನ್ಸಾಫಳ ಮಾಳಿಗೆಯ ಮೇಲೆ ಚಹಾ ಕುಡಿಯುತ್ತಿದ್ದರು. ಸುತ್ತ ಬಾತುಗಳ ಗಲಾಟೆ. ಕೆಳಗಿನ ಕೋಣೆಯಲ್ಲಿ ಸೊಸೆ ರಾವ್ಯಾ ಹಿಂದಿನ ದಿನದಿಂದ ಜ್ವರ ಹತ್ತಿ ಮಲಗಿದ್ದಳು. ಐದು ತಿಂಗಳ ಬಸುರಿ. ಶೀತವಿರಬೇಕು, ಶುಂಠಿ ಕಷಾಯ ಕುಡಿದರೆ ಹೋಗುತ್ತದೆ ಎಂದು ಇನ್ಸಾಫ್ ತನಗೆ ತಾನೇ ಹೇಳಿಕೊಂಡಿದ್ದಳು.

"ಇನ್ಸಾಫಕ್ಕಾ, ನಂಗೆ ತಲೆ ಕೆಡ್ತಾ ಇದೆ," ಎಂದಳು ಶಹೀರಾ. "ನಾಲ್ಕು ಮನೇಲಿ ಒಂದು ಮನೆ ಬಾತಿನ ಗಂಟಲಲ್ಲಿ ಹಕ್ಕಿಜ್ವರದ ವೈರಸ್ ಸಿಗ್ತಾ ಇದೆ. ಆದ್ರೆ ಸತ್ತಿದ್ದು ಒಂದೂ ಇಲ್ಲ. ನಿಮ್ಮೂರ ವೈರಸ್ ಅಷ್ಟು ಸಾಧುನಾ? ಕೈರೋದಲ್ಲಿ ಎಲ್ರೂ ನನ್ನ ಆಡ್ಕೋತಾರೆ."

"ಸಾಧು ಎಲ್ಲಿಂದ ಬರ್ಬೇಕು?" ಇನ್ಸಾಫ್ ನಕ್ಕಳು. "ಸಾಯೋಕೆ ನಾವು ಬಿಟ್ರೆ ತಾನೆ!"

"ಅಂದ್ರೆ?"

"ಕತ್ತು ತಿರುಚ್ಕೊಂಡು ಗಿರಗಿರ ಸುತ್ತೋಕೆ ಶುರುಮಾಡಿದ ತಕ್ಷಣ ಬಿಸ್ಮಿಲ್ಲಾ ಅಂತ ಕೊಯ್ದುಬಿಡ್ತೀವಿ. ತಾನಾಗೇ ಸತ್ರೆ ಹರಾಮ್, ತಿನ್ನೋ ಹಾಗಿಲ್ಲ, ನಾಯಿಗೆ ಎಸೀಬೇಕು. ಕೊಯ್ದಿದ್ದನ್ನ ಸತ್ತಿದೆ ಅಂತ ಯಾರಾದ್ರೂ ಹೇಳ್ತಾರಾ? ಓದಿದೋಳು ನೀನು, ಅಷ್ಟೂ ಗೊತ್ತಿಲ್ವಾ?"

ಶಹೀರಾ ಲೋಟ ಕೆಳಗಿಟ್ಟಳು. "ಅಯ್ಯೋ ದೇವರೇ. ನಾಲ್ಕು ವರ್ಷ ಕತ್ತೆ ಹಾಗೆ ತಪ್ಪು ಪ್ರಶ್ನೆ ಹೊತ್ಕೊಂಡು ತಿರುಗಿದ್ನಾ ನಾನು?" ನಗುತ್ತಲೇ ಪೆನ್ನು ಹುಡುಕಿದಳು. "ಸರಿ, ನಿಮ್ಮನೆಯಿಂದಾನೇ ಶುರು. ಈ ತಿಂಗಳು ಹಾಗೆ ಕೊಯ್ದಿದ್ದು ಉಂಟಾ? ಯಾರು ಕೊಯ್ದಿದ್ದು?"

ಇನ್ಸಾಫಳ ನಗು ಅಲ್ಲೇ ನಿಂತಿತು. ಗುರುವಾರ ಎರಡು ಬಾತುಗಳನ್ನು ಕೊಯ್ದವಳು ರಾವ್ಯಾ. ಬಿಸಿನೀರಿನಲ್ಲಿ ಅದ್ದಿ ಪುಕ್ಕ ಕಿತ್ತವಳೂ ಅವಳೇ. ಕೆಳಗಿನಿಂದ ಕೆಮ್ಮು ಕೇಳಿಸಿತು, ಒಣ ಕೆಮ್ಮು. ಅದನ್ನು ಬೆಳಗಿನಿಂದ ಅವಳು ಕೇಳಿಯೂ ಕೇಳದಂತೆ ಇದ್ದಳು.

ಹೇಳಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಶಹೀರಾ ಮೇಲಿನವರಿಗೆ ತಿಳಿಸಲೇಬೇಕು. ಸಂಜೆಯೊಳಗೆ ಬಿಳಿ ಉಡುಪಿನವರು ಬಂದು ಬೀದಿಯ ಅಷ್ಟೂ ಮಾಳಿಗೆಗಳ ಹಕ್ಕಿಗಳನ್ನು ಚೀಲಕ್ಕೆ ತುಂಬುತ್ತಾರೆ. ಎದುರುಮನೆಯ ಉಮ್ಮ್ ವಗ್ದಿಗೆ ಇದ್ದದ್ದೇ ಆ ಇಪ್ಪತ್ತೆರಡು ಬಾತುಗಳು. ಗಂಡನಿಲ್ಲದ ಮನೆ ನಡೆಯುತ್ತಿದ್ದುದು ಅವುಗಳಿಂದ. ಮೂವತ್ತು ವರ್ಷ ಒಂದೇ ಒಲೆಯಲ್ಲಿ ರೊಟ್ಟಿ ಸುಟ್ಟವರು ಇವರಿಬ್ಬರು.

ಮತ್ತೆ ಕೆಮ್ಮು.

"ರಾವ್ಯಾ ಕೊಯ್ದಿದ್ದು," ಎಂದಳು ಇನ್ಸಾಫ್. "ಗುರುವಾರ. ಅವಳು ಕೆಳಗೆ ಮಲಗಿದಾಳೆ, ಮೈ ಕಾದ ಹೆಂಚಾಗಿದೆ. ಎದ್ದೇಳಮ್ಮ, ಬಾ!"

ಇಬ್ಬರೂ ರಾವ್ಯಾಳನ್ನು ಎಬ್ಬಿಸಿ ಶಹೀರಾಳ ಕಾರಿನಲ್ಲಿ ಆಸ್ಪತ್ರೆಗೆ ಹೊರಟರು. ಈ ಜ್ವರಕ್ಕೆ ಮದ್ದಿದೆ, ಆದರೆ ಎರಡು ದಿನ ದಾಟುವ ಮೊದಲೇ ಹೊಟ್ಟೆ ಸೇರಿದರೆ ಅದರ ಬಲವೇ ಬೇರೆ ಎಂದು ಶಹೀರಾ ದಾರಿಯುದ್ದಕ್ಕೂ ಫೋನಿನಲ್ಲಿ ಆಸ್ಪತ್ರೆಯವರಿಗೆ ಕೂಗಿ ಹೇಳುತ್ತಿದ್ದಳು. ಹಿಂದಿನ ಸೀಟಿನಲ್ಲಿ ರಾವ್ಯಾ ಅತ್ತೆಯ ಕೈ ಹಿಡಿದಿದ್ದಳು.

"ಅತ್ತೇ, ಬಾತಿನ ವಿಷಯ ಹೇಳ್ಬೇಡಿ, ಬೀದಿಯೋರೆಲ್ಲ ನಮ್ಮನ್ನ ಶಪಿಸ್ತಾರೆ."

"ಹೇಳಿಯಾಯ್ತು, ಬಾಯ್ಮುಚ್ಕೊಂಡು ಉಸಿರಾಡು," ಎಂದು ಇನ್ಸಾಫ್ ಗದರಿದಳು. ಗದರುತ್ತಲೇ ಅತ್ತಳು.

ಪರೀಕ್ಷೆಯಲ್ಲಿ ಹಕ್ಕಿಜ್ವರವೆಂದೇ ಬಂತು. ಆರು ದಿನ ರಾವ್ಯಾಳ ಮೂಗಿಗೆ ಆಮ್ಲಜನಕದ ಕೊಳವೆ. ಏಳನೆಯ ದಿನ ಬೇಯಿಸಿದ ಕಾಳು ಬೇಕು, ಜೊತೆಗೆ ಈರುಳ್ಳಿಯೂ ಬೇಕು ಎಂದು ಹಟ ಹಿಡಿದಳು. ಹೊಟ್ಟೆಯೊಳಗಿನ ಕೂಸು ಒದೆಯುತ್ತಿತ್ತು. ದಾದಿಯರೆದುರಿಗೇ ಇನ್ಸಾಫ್ ನಾಲಿಗೆ ಹೊರಳಿಸಿ ಝಗಾರೀತ್ ಕೂಗಿದಳು, ಮದುವೆಮನೆಯಲ್ಲಿ ಕೂಗುವ ಹಾಗೆ.

ಊರಲ್ಲಿ ಮಾತ್ರ ಬಿಳಿ ಉಡುಪಿನವರು ಬಂದುಹೋಗಿ ಇನ್ಸಾಫಳ ಬೀದಿಯ ಮಾಳಿಗೆಗಳೆಲ್ಲ ಬಿಕೋ ಎನ್ನುತ್ತಿದ್ದವು. ಬೀದಿಯಲ್ಲಿ ಅವಳು ಬಂದರೆ ಹೆಂಗಸರು ಒಳಗೆ ಹೋಗುತ್ತಿದ್ದರು. ಶಹೀರಾ ಏಳನೆಯ ಪ್ರಶ್ನೆಯನ್ನು ಹೊಡೆದುಹಾಕಿ, "ಕಾಯಿಲೆ ಬಿದ್ದಿತೆಂದು ಅವಸರದಲ್ಲಿ ಕೊಯ್ದದ್ದು ಉಂಟೇ? ಕೊಯ್ದವರು ಯಾರು?" ಎಂದು ಬರೆದಿದ್ದಳು. ಇನ್ಸಾಫ್ ಅದನ್ನು ಹಿಡಿದು ಬಾಗಿಲು ಬಾಗಿಲು ತಟ್ಟಿದಳು. ಉಮ್ಮ್ ವಗ್ದಿ, "ಕೊಯ್ಯೋಕೆ ನೀನು ಏನು ಉಳಿಸಿದ್ದೀಯಾ?" ಎಂದು ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿಕೊಂಡಳು. ಆದರೂ ಪಕ್ಕದ ಬೀದಿಗಳಲ್ಲಿ ಒಬ್ಬೊಬ್ಬರೇ ಬಾಯಿಬಿಟ್ಟರು. ಸೊನ್ನೆಗಳಿದ್ದ ಜಾಗದಲ್ಲಿ ಎರಡು, ಐದು, ಒಂಬತ್ತು ಬಂದವು. ಹಾಗೆ ಕೊಯ್ದವರಲ್ಲಿ ನಾಲ್ವರ ರಕ್ತದಲ್ಲಿ ವೈರಸ್ಸಿನೊಡನೆ ಹೋರಾಡಿ ಗೆದ್ದ ಗುರುತಿತ್ತು, ಅವರಿಗೆ ಜ್ವರ ಬಂದದ್ದೇ ನೆನಪಿರಲಿಲ್ಲ. ಯಾರು ಗೆಲ್ಲುತ್ತಾರೆ, ಯಾರು ಸೋಲುತ್ತಾರೆ, ಯಾಕೆ ಎಂದು ಹುಡುಕಲು ಈಗ ದಾರಿ ಸಿಕ್ಕಿತು ಎಂದು ಶಹೀರಾ ಕುಣಿದಾಡಿದಳು. ಇನ್ಸಾಫಳಿಗೂ ಖುಷಿಯೇ. ಆದರೆ ಈಗ ರೊಟ್ಟಿ ಸುಡಲು ಅವಳು ಒಬ್ಬಳೇ ಕೂರುತ್ತಿದ್ದಳು.

ಮೇ ತಿಂಗಳಲ್ಲಿ ರಾವ್ಯಾ ಹೆಣ್ಣು ಹೆತ್ತಳು. ಏಳನೆಯ ದಿನದ ಸಂಭ್ರಮಕ್ಕೆ ಕೂಸನ್ನು ಊರಿನ ರೂಢಿಯಂತೆ ದೊಡ್ಡ ಜರಡಿಯಲ್ಲಿ ಮಲಗಿಸಿದ್ದರು, ಶಹೀರಾ ಪಕ್ಕದಲ್ಲಿ ಕೂತಿದ್ದಳು. ಕರೆಯದಿದ್ದರೂ ಉಮ್ಮ್ ವಗ್ದಿ ಬಂದಳು. ಕೈಯಲ್ಲಿ ಒಂದು ಜೀವಂತ ಕೋಳಿ.

"ಬಾಣಂತಿ ಸಾರಿಗೆ," ಎಂದಳು ಯಾರ ಮುಖವನ್ನೂ ನೋಡದೆ. "ಹೆದರ್ಬೇಡಿ, ಹೋದ ವಾರವೇ ಈ ಡಾಕ್ಟರಮ್ಮನ ಹತ್ರ ಇದರ ಗಂಟಲು ಪರೀಕ್ಷೆ ಮಾಡಿಸಿದೀನಿ. ನನ್ನ ಸ್ವಂತ ಗಂಟಲನ್ನೂ ಯಾರೂ ಅಷ್ಟು ನೋಡಿಲ್ಲ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಕೂಸಿನ ಮುಖವನ್ನೇ ನೋಡುತ್ತಾ ನಿಂತಳು.

"ಆ ಗುರುವಾರ ಬೆಳಗ್ಗೇನೇ ನಾನೂ ಮೂರು ಕೊಯ್ದಿದ್ದೆ, ಇನ್ಸಾಫ್. ಮೊದಲು ಕಾಯಿಲೆ ಬಿದ್ದಿದ್ದು ನನ್ನ ಮಾಳಿಗೆಲಿ. ನಿಂಗೆ ಆಗ್ಲೇ ಹೇಳಿದ್ದಿದ್ರೆ, ರಾವ್ಯಾ ಚಾಕು ಹಿಡೀತಾನೇ ಇರ್ಲಿಲ್ಲ. ಬರ್ಕೋ."

ಇನ್ಸಾಫ್ ಎದ್ದು ಹಾಳೆ ತಂದಳು. ಉಮ್ಮ್ ವಗ್ದಿ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು, ತೋಳು ಮೇಲೆ ಸರಿಸಿ ಶಹೀರಾಳ ಕಡೆ ಚಾಚಿದಳು.