ನೆಲಕ್ಕ ಕುಂತು ಮಾಡಿದ ಪೂಜಿ

ಸವದ ಮಣಕಾಲಿಗೆ ಎಣ್ಣಿ ತಿಕ್ಕಿದ್ರ ಎಲವು ಮತ್ತ ಚಿಗೀತಾವೇನ್ರಿ? ನರ್ಸ್ ಭಾಗ್ಯಶ್ರೀಗೆ ಅದು ಗೊತ್ತಿಲ್ಲದ್ದೇನಲ್ಲ. ಆದ್ರೂ ದಿನಾ ಮುಂಜಾನೆ ರಾಯಾಪುರದ ಶಿವಬಸವ್ವನ ಮನಿಗೆ ಹೋಗಿ, ಉಪ್ಪು ಹುರದು ಅರಬಿಯಾಗ ಗಂಟು ಕಟ್ಟಿ, ಮೊದಲ ತನ್ನ ಮುಂಗೈಗೆ ಹಚ್ಚಿ ನೋಡಿ, ಆಮ್ಯಾಲ ಆಕಿ ಮಣಕಾಲಿಗೆ ಶಾಖ ಕೊಡತಿದ್ದಳು. ಬೆಚ್ಚನ್ನ ಎಣ್ಣಿಲೆ ಮೆಲ್ಲಕ ನೀವತಿದ್ದಳು. ಮುದುಕಿ ಹಾರ್ಟ್ ವೀಕ್ ಐತಿ, ಆಪರೇಷನ್ ತಡಕೊಳ್ಳೂದಿಲ್ಲಂತ ದವಾಖಾನಿಯವರು ಕೈ ಚೆಲ್ಲಿದ್ದರು. ನೋವು ಕಡಿಮಿ ಮಾಡೂದು ಒಂದ ಉಳದಿತ್ತು.

ಶಿವಬಸವ್ವಗ ಇದ್ದದ್ದೂ ಒಂದ ಆಸೆ. ಮದಲಿನಂಗ ನೆಲದ ಮ್ಯಾಲ ಚಕ್ಕಳಮಕ್ಕಳ ಹಾಕಿ ಕುಂತು, ಇಷ್ಟಲಿಂಗಾನ ಎಡ ಅಂಗೈಯಾಗ ಇಟಗೊಂಡು ಪೂಜಿ ಮಾಡಬೇಕು.

"ಕುರ್ಚಿ ಮ್ಯಾಲ ಕುಂತ್ರ ಬಸ್ ಸ್ಟ್ಯಾಂಡಿನಾಗ ಕುಂತಂಗ ಆಗತೈತವಾ. ಶಿವ ಏನ ತಿಳಕೊಂಡಾನು?"

"ಅವನಿಗೂ ವಯಸ್ಸಾಗೇತ್ರಿ ಆಯಿ, ತಿಳಕೋತಾನ. ನೀವು ಮಾತ್ರ ನೆಲಕ್ಕ ಕುಂಡ್ರಬ್ಯಾಡ್ರಿ," ಅಂತಿದ್ದಳು ಭಾಗ್ಯಶ್ರೀ.

ಶ್ರಾವಣ ಬರೂದ್ರಾಗ ನೋವು ಇಳೀತು. ಇಳದದ್ದ ಕುತ್ತಾತು ನೋಡ್ರಿ! ನೋವು ಹೋದ್ರ ರೋಗ ಹೋದಂಗೇನು? ಆದ್ರ ಆಸೆಗೆ ಕಿವಿ ಎಲ್ಲಿ ಇರತಾವು. ಒಂದು ಸೋಮವಾರ ಸೊಸಿ ಜಯಾ ಅಡಗಿಮನಿಯಾಗಿದ್ದಳು, ನರ್ಸ್ ಇನ್ನೂ ಬಂದಿರಲಿಲ್ಲ. ಶಿವಬಸವ್ವ ಗ್ವಾಡಿ ಹಿಡಕೊಂಡು ನೆಲಕ್ಕ ಕುಂತಳು. ಅಳಕೋತ, ನಕ್ಕೋತ ಪೂಜಿ ಮುಗಿಸಿದಳು.

ಕುರ್ಚಿ ರೂಢಿ ಬಿದ್ದಿತ್ತಲ್ಲ, ಲಿಂಗ ಇಡೂ ಬೆಳ್ಳಿ ಕರಡಗಿ ಮೇಜಿನ ಮ್ಯಾಲ ಉಳದಿತ್ತು. ಲಿಂಗಾನ ನೆಲಕ್ಕ ಇಡೂದುಂಟೇನು? ಅಂಗೈಯಾಗ ಹಿಡದ ಏಳಾಕ ಹೋದಳು. ಮಣಕಾಲು ಕುಸದವು. ಬೀಳಾವರು ಯಾರಾದ್ರೂ ಕೈ ಊರತಾರ. ಆಕಿ ಊರಲಿಲ್ಲ, ಎರಡೂ ಕೈಲೆ ಲಿಂಗಾನ ಎದಿಗೆ ಅವಚಿಕೊಂಡು ಬಿದ್ದಳು. ಲಿಂಗ ಉಳೀತು, ಟೊಂಕದ ಎಲವು ಮುರೀತು.

ದವಾಖಾನಿಯಿಂದ ಮನಿಗೆ ಕರಕೊಂಡು ಬಂದ ಮರುದಿನ ಭಾಗ್ಯಶ್ರೀ ಹೋದಳು.

"ಇದಕ್ಕೂ ಆಪರೇಷನ್ ಇಲ್ಲಂತ್ರಿ ಸಿಸ್ಟರ್. ಇನ್ನ ಹಾಸಿಗಿನ ಗತಿ ಅಂದಾರ," ಅಂದಳು ಜಯಾ.

ಭಾಗ್ಯಶ್ರೀ ಎಣ್ಣಿ ಬಾಟ್ಲಿ ಹೊಳ್ಳಿ ಚೀಲದಾಗ ಇಟ್ಟಳು. ನೋವು ಇದ್ದಿದ್ರ ಮುದುಕಿ ಕುರ್ಚಿ ಬಿಟ್ಟು ಇಳೀತಿರಲಿಲ್ಲ. ಆ ನೋವು ಕಳದಾಕಿ ತಾನ.

"ಲಿಂಗ ಕೊಡಸ್ಲೇನ್ರಿ ಆಯಿ? ಮಲಕೊಂಡ ಪೂಜಿ ಮಾಡಬಹುದು."

"ಬ್ಯಾಡ ತಂಗಿ," ಅಂದ ಶಿವಬಸವ್ವ ಗ್ವಾಡಿ ಕಡೆ ಮಾರಿ ಹೊಳ್ಳಿಸಿದಳು.

ಜಯಾ ಚಹಾ ತಂದಳು. ದೀಕ್ಷಾ ಆದಾಗಿಂದ ಲಿಂಗಪೂಜಿ ಆಗೂತನಕ ಹನಿ ನೀರು ಸೈತ ಬಾಯಾಗ ಹಾಕಿದಾಕಿ ಅಲ್ಲ ಶಿವಬಸವ್ವ. ಚಮಚಾ ತುಟಿಗೆ ಹತ್ತಿದ ಕೂಡಲೆ ಸುಮ್ಮನ ಬಾಯಿ ತಗದಳು.