ಗೋಡೆ ಕಡೆ, ಗಾಳಿ ಕಡೆ

ನನ್ನ ಗಂಡ ಕುದುರೆಗಾಡಿ ಹೊಡೆಯುವವರು. ಸಾಹುಕಾರರ ಮೋಟಾರು ಓಡಿಸಲು ಶುರುಮಾಡಿ ತಿಂಗಳುಗಳೇ ಆಗಿದ್ದರೂ ನಾನು ಹೀಗೇ ಹೇಳುವುದು. ಅವರ ಕೈ ಸ್ಟೀರಿಂಗಿನ ಮೇಲಿದ್ದರೂ ಮನಸ್ಸು ಲಗಾಮಿನ ಮೇಲೇ ಇತ್ತು. ಬೆಳಿಗ್ಗೆ ಶೆಡ್ಡಿಗೆ ಹೋದವರು ಮೊದಲು ಬಾನೆಟ್ಟಿನ ಮೇಲೆ ಕೈಯಾಡಿಸುವರು. ನಿಲ್ಲಿಸಬೇಕಾದರೆ ಬ್ರೇಕು ತುಳಿದರೆ ಸಾಲದು, ಬಾಯಲ್ಲಿ "ಹೋ... ಹೋ..." ಎಂದೂ ಅನ್ನಬೇಕು. ಸಾಹುಕಾರರು ಎರಡೂ ಕುದುರೆ ಮಾರಿದ ದಿನ ಊಟ ಬಿಟ್ಟು ಮಲಗಿದ್ದ ಮಹಾನುಭಾವರು ಇವರು. ಇನ್ನೊಂದು ದೊಡ್ಡ ಗುಣವೂ ಇತ್ತು. ಗಾಡಿ ನಡೆಸುವಾಗ ಪಕ್ಕದಲ್ಲಿ ಕೂತವರು ದಾರಿ ಹೇಳಕೂಡದು. ಹಿಂದೊಮ್ಮೆ ನಾನು "ಕಲ್ಲಿದೆ ನೋಡಿ" ಎಂದದ್ದಕ್ಕೆ ದಿನಗಟ್ಟಲೆ ಮಾತು ಬಿಟ್ಟಿದ್ದರು.

ಚೊಚ್ಚಲ ಹೆರಿಗೆಗೆಂದು ಮಗಳು ಮನೆಗೆ ಬಂದಿದ್ದಳು. ಅಳಿಯ ಹಡಗಿನ ಕೆಲಸದ ಮೇಲೆ ಎಲ್ಲೋ ನೀರಿನ ಮೇಲಿದ್ದ. ಆ ದಿನ ಬೆಳಿಗ್ಗೆ ನೋವು ಶುರುವಾಗಿ, ಮಧ್ಯಾಹ್ನದ ಹೊತ್ತಿಗೆ ಸೂಲಗಿತ್ತಿ ಕೈ ಒರೆಸಿಕೊಳ್ಳುತ್ತ ಕೋಣೆಯಿಂದ ಹೊರಗೆ ಬಂದಳು.

"ಮಗು ತಲೆಕೆಳಗಾಗಿಲ್ಲ ಅಕ್ಕ, ಕಾಲು ಕೆಳಗಿದೆ. ಸಿಕ್ಕಿಹಾಕಿಕೊಂಡಿದೆ. ನನ್ನ ಕೈಲಾಗಲ್ಲ. ಕತ್ತಲಾಗೋದ್ರೊಳಗೆ ಬೆಟ್ಟದ ಆಸ್ಪತ್ರೆಗೆ ಸೇರಿಸಿ. ಇಲ್ದಿದ್ರೆ ಇಬ್ರೂ ಉಳಿಯಲ್ಲ."

"ನೀನೂ ಬಾರೇ" ಎಂದೆ. "ಆ ಮೋಟಾರಿನಲ್ಲಾ? ನನಗೂ ಮಕ್ಕಳಿವೆ" ಎಂದು ಅಲ್ಲೇ ಕೂತುಬಿಟ್ಟಳು. ಸಾಹುಕಾರರ ಹೆಂಡತಿ ಮಾತ್ರ ಕೇಳಿದ ಕೂಡಲೇ ಮೋಟಾರು ಕೊಟ್ಟರು. ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ ಮಗಳನ್ನು ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ನೋವು ಬಂದಾಗಲೆಲ್ಲ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಧೈರ್ಯದ ಮುಖ ಮಾಡಿಕೊಂಡು ಕೂತಿದ್ದೆ.

ಸಾಹುಕಾರರು ಮೋಟಾರಿನಲ್ಲಿ ಪೇಟೆಬೀದಿ ಬಿಟ್ಟು ಆಚೆ ಹೋಗದವರಾದ್ದರಿಂದ ಆ ಮೋಟಾರು ಅದುವರೆಗೆ ಏರು ಕಂಡಿರಲಿಲ್ಲ. ಮೊದಲ ತಿರುವನ್ನು ಚೆನ್ನಾಗಿಯೇ ಹತ್ತಿತು. ರಸ್ತೆ ಇನ್ನೂ ಕಡಿದಾಗುತ್ತಿದ್ದಂತೆ ಎರಡು ಸಲ ಕೆಮ್ಮಿ ನಿಂತೇಹೋಯಿತು. ನನ್ನ ಗಂಡ ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟರು. ಬಾನೆಟ್ಟು ಎತ್ತಿ ನೀರು ಹೊಯ್ದರು. ಆಮೇಲೆ ಅದರ ಪಕ್ಕದಲ್ಲೇ ಸುಮ್ಮನೆ ನಿಂತರು.

"ಯಾಕ್ರೀ ನಿಂತ್ರಿ?"

"ಸುಸ್ತಾಗಿದೆ. ಕುದುರೆಗಳನ್ನೂ ಇಲ್ಲೇ ನಿಲ್ಲಿಸ್ತಿದ್ದೆ. ಸ್ವಲ್ಪ ಉಸಿರಾಡ್ಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ಮಗಳು ಹಲ್ಲು ಕಚ್ಚಿ ಹೊರಳಾಡುತ್ತಿದ್ದಾಳೆ, ಇವರು ಕಬ್ಬಿಣದ ಬೆನ್ನು ಸವರುತ್ತಿದ್ದಾರೆ.

"ಅದಕ್ಕೆ ಉಸಿರಿಲ್ಲ ಕಣ್ರೀ! ಉಸಿರಿರೋಳು ಇಲ್ಲಿ ಮಲಗಿದಾಳೆ, ನೋಡಿ!"

ಅವರ ಮುಖ ಸಣ್ಣದಾಯಿತು. ಮೋಟಾರಿನ ಮುಂದಿನ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವರು ಕಿತ್ತುಬಂತು, ಎಂಜಿನ್ ಮಾತ್ರ ಉಸಿರೆತ್ತಲಿಲ್ಲ. ಕಲ್ಲು ತೆಗೆದು, ಬ್ರೇಕು ಹಿಡಿದು, ಮೆಲ್ಲಗೆ ಹಿಂದಕ್ಕೆ ಜಾರಿಸಿಕೊಂಡು ಕೆಳಗಿನ ಸಮತಟ್ಟಿಗೆ ಬಂದರು. ಅಲ್ಲಿ ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಜೀವ ಬಂದಂತಾಗಿ ಮತ್ತೆ ಏರಿದೆವು. ಸರಿಯಾಗಿ ಅದೇ ಜಾಗದಲ್ಲಿ ಕೆಮ್ಮಿತು, ನಿಂತಿತು. ಬಿಸಿಲು ಆಗಲೇ ಬೆಟ್ಟದ ಆ ಬದಿಗೆ ಹೊರಳಿತ್ತು. ಮತ್ತೆ ಜಾರಿಸಿಕೊಂಡು ಸಮತಟ್ಟಿಗೇ ಬಂದೆವು.

"ಪೆಟ್ರೋಲು ಇದೆ" ಎಂದರು ಅವರು, ತಮಗೆ ತಾವೇ ಹೇಳಿಕೊಳ್ಳುವಂತೆ. "ಸೀಟಿನ ಕೆಳಗಿರೋ ಡಬ್ಬದಲ್ಲಿ ಅರ್ಧ ಇದೆ. ಮೂತಿ ಮೇಲಾದ ತಕ್ಷಣ ಸಾಯುತ್ತೆ. ಡಬ್ಬ ಕೆಳಗೆ, ಎಂಜಿನ್ ಮೇಲೆ... ಅಲ್ಲಿಗೆ ಹರೀತಿಲ್ಲ."

"ಹಾಗಾದ್ರೆ ಮೂತಿ ಕೆಳಗೆ ಮಾಡಿ."

"ಮೂತಿ ಕೆಳಗೆ ಮಾಡಿದ್ರೆ ಮನೆಗೆ ಹೋಗುತ್ತೆ ಕಣೇ, ಆಸ್ಪತ್ರೆಗಲ್ಲ!"

"ದಿನಾ ಶೆಡ್ಡಿಂದ ಹಿಂದಕ್ಕೆ ತಾನೇ ತೆಗೀತೀರಿ? ಹಾಗೇ ಹಿಂದಕ್ಕೆ ಹತ್ತಿಸಿ."

ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. ಯಾವ ಕುದುರೆಯೂ ಬೆಟ್ಟವನ್ನು ಹಿಂದಡಿಯಿಟ್ಟು ಹತ್ತಿದ್ದಿಲ್ಲ. ಅಷ್ಟರಲ್ಲಿ ಮಗಳು ಕಿರುಚಿದಳು. ಅವರು ಮೋಟಾರನ್ನು ತಿರುಗಿಸಿ ನಿಲ್ಲಿಸಿದರು, ಮೂತಿ ಊರಿನ ಕಡೆ, ಬೆನ್ನು ಬೆಟ್ಟದ ಕಡೆ. ಕತ್ತು ಹೊರಳಿಸಿ ಹಿಂದೆ ನೋಡಿದರು. ಹಿಂದೆ ಮಡಿಸಿಟ್ಟ ಬಟ್ಟೆಯ ಟಾಪು ಅಡ್ಡವಾಗಿತ್ತು.

"ನಂಗೆ ದಾರಿ ಕಾಣ್ತಿಲ್ಲ" ಎಂದರು. "ನೀನು ಹೇಳು."

ಅವರ ಬಾಯಲ್ಲಿ ಆ ಮಾತು ಕೇಳುವ ದಿನ ಬಂದೀತೆಂದು ನಾನು ಎಣಿಸಿರಲಿಲ್ಲ. ಖುಷಿಪಡಲು ಪುರುಸೊತ್ತಿರಲಿಲ್ಲ. ಮಗಳ ತಲೆಯನ್ನು ತೊಡೆಯಿಂದ ಇಳಿಸಿ, ಸೀಟಿನ ಮೇಲೆ ಮೊಣಕಾಲೂರಿ, ಟಾಪಿನ ಮೇಲಿಂದ ರಸ್ತೆ ನೋಡಿದೆ. ಈಗ ಅವಳು ನನ್ನ ಬೆನ್ನ ಹಿಂದಿದ್ದಳು. ನನ್ನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮೋಟಾರು ಹಿಂದಹಿಂದಕ್ಕೆ ಏರತೊಡಗಿತು. ಕೆಮ್ಮಿನ ಜಾಗ ಬಂತು, ಕೆಮ್ಮಲಿಲ್ಲ. "ಎಡಕ್ಕೆ!" ಎಂದೆ. ಅವರು ಕಣಿವೆಯ ಕಡೆಗೇ ತಿರುಗಿಸಿಬಿಟ್ಟರು. ಗಾಲಿಯಡಿಯಿಂದ ಕಲ್ಲುಗಳು ಹಾರಿ ಬಿದ್ದವು, ಎಷ್ಟೋ ಹೊತ್ತಿನ ಮೇಲೆ ಸದ್ದು ಕೇಳಿಸಿತು. ಬ್ರೇಕು ತುಳಿದರು.

"ಯಾರ ಎಡ?" ಎಂದು ಅರಚಿದರು. "ಎಡ ಬಲ ಬೇಡ! ಬೆಟ್ಟದ ಕಡೆಗಾದ್ರೆ ಗೋಡೆ ಅನ್ನು. ಕಣಿವೆ ಕಡೆಗಾದ್ರೆ ಗಾಳಿ ಅನ್ನು. ಅಷ್ಟೇ."

"ಗೋಡೆ" ಎಂದೆ. ಮೋಟಾರು ಬೆಟ್ಟದ ಕಡೆಗೆ ಸರಿಯಿತು. "ಗೋಡೆ. ಸಾಕು. ಸ್ವಲ್ಪ ಗಾಳಿ. ಸಾಕು."

"ಅಮ್ಮಾ, ನನ್ನ ನೋಡು" ಎಂದಳು ಮಗಳು.

ನೋಡಿದೆ. ರೆಪ್ಪೆ ಬಡಿಯುವಷ್ಟು ಹೊತ್ತು ನೋಡಿದ್ದಷ್ಟೆ. ತುಟಿ ಬೆಳ್ಳಗಾಗಿತ್ತು. ತಿರುಗುವಷ್ಟರಲ್ಲಿ ನನ್ನ ಮೊಣಕೈ ಕೆಳಗೆ ರಸ್ತೆಯೇ ಇರಲಿಲ್ಲ, ಬರೀ ಗಾಳಿ ಇತ್ತು. "ಗೋಡೆ! ಗೋಡೆ!" ಎಂದು ಚೀರಿದೆ. ಗಾಲಿ ಅಂಚನ್ನು ಕೆರೆದು ಒಳಕ್ಕೆ ಬಂತು. ಇನ್ನು ತಿರುಗಕೂಡದೆಂದು ಆಗಲೇ ತೀರ್ಮಾನಿಸಿದೆ.

"ಅಮ್ಮಾ, ಒಂದ್ಸಲ ನೋಡೇ. ನಾನು ಸಾಯ್ತಿದೀನಿ."

"ಗೋಡೆ" ಎಂದೆ.

ಅವಳು ಕೂಗುತ್ತಲೇ ಇದ್ದಳು, ನಾನು ಗೋಡೆ ಗಾಳಿ ಅನ್ನುತ್ತಲೇ ಇದ್ದೆ. ಆಸ್ಪತ್ರೆಯ ಹೆಂಚು ಕಾಣುವ ಕೊನೆಯ ತಿರುವಿನಲ್ಲಿ ಕೂಗು ನಿಂತಿತು. ನನ್ನ ಕಾಲನ್ನು ಹಿಡಿದಿದ್ದ ಕೈ ಸಡಿಲವಾಗಿ ಜಾರಿತು.

"ಯಾಕೆ ಕೂಗ್ತಿಲ್ಲ ಅವಳು?" ಎಂದರು ಗಂಡ.

"ದಾರಿ ನೋಡ್ತಿದೀನಿ, ಮಾತಾಡಿಸ್ಬೇಡಿ. ಗೋಡೆ!"

ಆಗಲೂ ನಾನು ತಿರುಗಲಿಲ್ಲ.

ಮೋಟಾರು ಹಿಂಬದಿಯಿಂದ ಗೇಟಿನೊಳಗೆ ನುಗ್ಗಿದ್ದನ್ನು ನೋಡಿ ಅಂಗಳದಲ್ಲಿದ್ದವರು ಗೊಳ್ಳೆಂದು ನಕ್ಕರು. "ಹೋ... ಹೋ..." ಎಂದರು ನನ್ನ ಗಂಡ. ನಾನೂ ಅವರ ಜೊತೆ "ಹೋ" ಎಂದೆ. ನರ್ಸುಗಳು ಓಡಿಬಂದಾಗ ನಗು ನಿಂತಿತು. ಮಗಳನ್ನು ಎತ್ತಿಕೊಂಡು ಹೋದರು. "ಉಸಿರಿದೆ" ಎಂದು ಯಾರೋ ಹೇಳಿದರು.

ವರಾಂಡದ ಬೆಂಚಿನ ಮೇಲೆ ಕೂತೆವು. ಗಂಡನ ಕತ್ತು ಹೊರಳಿದ ಕಡೆಗೇ ಹಿಡಿದುಕೊಂಡಿತ್ತು. ನನ್ನನ್ನು ನೋಡಬೇಕಾದರೆ ಇಡೀ ಮೈ ತಿರುಗಿಸಬೇಕಿತ್ತು. ದೀಪ ಹಚ್ಚುವ ಹೊತ್ತಿಗೆ ಒಳಗಿನಿಂದ ಮಗುವಿನ ಅಳು ಕೇಳಿಸಿತು. "ಹೆಣ್ಣು" ಎಂದರು ಡಾಕ್ಟರಮ್ಮ. "ಕಾಲು ಮುಂದಾಗಿಯೇ ಬಂದಳು. ತಾಯಿಗೂ ಎಚ್ಚರ ಬಂದಿದೆ, ಹೋಗಿ."

ಮಗಳು ನನ್ನನ್ನು ಕಂಡ ಕೂಡಲೇ ಮುಖವನ್ನು ಆಚೆ ತಿರುಗಿಸಿಕೊಂಡಳು.

"ಅಷ್ಟು ಕೂಗಿದ್ನಲ್ಲ. ಒಂದ್ಸಲ ತಿರುಗಿ ನೋಡೋಕಾಗ್ಲಿಲ್ವಾ ನಿಂಗೆ?"

ಅಂಚು, ಗಾಲಿ, ಕಣಿವೆ ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಒಂದನ್ನೂ ಹೇಳಲಿಲ್ಲ. ಮಂಚವನ್ನು ಸುತ್ತಿಕೊಂಡು ಅವಳ ಮುಖವಿದ್ದ ಕಡೆಗೆ ಹೋಗಿ ನೆಲದ ಮೇಲೆ ಕೂತೆ.

"ಈಗ ನೋಡ್ತೀನಿ ಕಣೇ" ಎಂದೆ. "ನೀನು ಸಾಕು ಅನ್ನೋವರೆಗೂ ನೋಡ್ತೀನಿ."

ಅವಳು ಸಾಕು ಅನ್ನಲಿಲ್ಲ.