ಲಿಫ್ಟಿನಲ್ಲೇ ಉಳಿದ ಅಣ್ಣ ತಮ್ಮ

ನಮ್ಮ ಲಾಂಡ್ರಿ ಇರುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಒಗೆಯುವ ಡ್ರಮ್ಮುಗಳು ತಿರುಗಲು ಶುರುವಾದರೆ ಪಕ್ಕದಲ್ಲಿ ನಿಂತು ಕಿರುಚಿದರೂ ಕೇಳಿಸುವುದಿಲ್ಲ. ಹಾಗಾಗಿ ನಾವು ಮಾತಾಡುವ ರೀತಿಯೇ ಬೇರೆ. ದೊಡ್ಡ ಶೀಟು ಮಡಿಸಲು ಇಬ್ಬರು ಬೇಕು. ಎರಡು ತುದಿ ಒಬ್ಬಳ ಕೈಯಲ್ಲಿ, ಎರಡು ತುದಿ ಇನ್ನೊಬ್ಬಳ ಕೈಯಲ್ಲಿ. ಜಗ್ಗಿ ಬಿಗಿ ಮಾಡಿ, ಎದುರುಬದುರು ನಡೆದು ಬಂದು, ತುದಿಗೆ ತುದಿ ಸೇರಿಸಬೇಕು. ಆಗ ಇಬ್ಬರ ಮುಖದ ನಡುವೆ ಗೇಣು ಜಾಗ. ಆ ಹೊತ್ತಿಗೆ ಒಂದು ಮಾತು ಹೇಳಬಹುದು. ಮುಂದಿನ ಮಾತು ಮುಂದಿನ ಶೀಟಿಗೆ. ಒಂದು ಕತೆ ಮುಗಿಯಬೇಕಾದರೆ ಒಂದು ಟ್ರಾಲಿ ಬಟ್ಟೆಯಾದರೂ ಬೇಕು. ಹರಟೆಮಲ್ಲರಿಗೆ ಆಗಿಬರುವ ಕೆಲಸವಲ್ಲ ಇದು.

ನನ್ನ ಜೊತೆ ಮಡಿಸುವವರು ಅತ್ತಿಗೆ. ಸ್ವಂತ ಅತ್ತಿಗೆಯೇನಲ್ಲ. ಅವರ ಗಂಡ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು, ಊರಿಗೆಲ್ಲ ಅಣ್ಣ. ಅದರಿಂದ ಇವರು ಊರಿಗೆಲ್ಲ ಅತ್ತಿಗೆ. ನನ್ನ ಬಾಯಿ ಖಾರವೆಂದು ಇಲ್ಲಿ ಎಲ್ಲರೂ ನನ್ನನ್ನು ಮೆಣಸಿನಕಾಯಿ ಅನ್ನುತ್ತಾರೆ. ಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಈಗ ಎದುರಿಗೇ ಅನ್ನುತ್ತಾರೆ.

ಶ್ವಾಸಕೋಶ ಕೆಟ್ಟು ಅಣ್ಣ ಮೇಲಿನ ವಾರ್ಡಿನಲ್ಲಿ ಬಹಳ ದಿನ ಮಲಗಿದ್ದರು. ಜೀವನವಿಡೀ ಊದಿದವರಿಗೆ ಉಸಿರೇ ಕೈಕೊಟ್ಟಿತ್ತು. ಊಟದ ಹೊತ್ತಿಗೆ ಅತ್ತಿಗೆ ಮೇಲೆ ಹೋಗಿ ಅವರಿಗೆ ತುತ್ತು ತಿನ್ನಿಸುತ್ತ ಒಂದು ಕತೆ ಹೇಳುತ್ತಿದ್ದರು. ಆ ಕತೆಗೆ ನಾವೆಲ್ಲ ಸರಕು ಒದಗಿಸಬೇಕಿತ್ತು. ಷರತ್ತು ಎರಡೇ: ನಿಜವಾಗಿ ನಡೆದಿರಬೇಕು, ಕೇಳಿದರೆ ಮನಸ್ಸು ಹಗುರಾಗಬೇಕು. ಬಸ್ಸಿನಲ್ಲಿ ಬಿಟ್ಟುಬಂದ ಕೊಡೆ ಯಾರದೋ ಕೈಯಲ್ಲಿ ಮನೆಬಾಗಿಲಿಗೆ ಬಂದದ್ದು, ನಮ್ಮ ಲಾಂಡ್ರಿಯ ಇಸ್ತ್ರಿ ಮಾಮ ಮೊಮ್ಮಗಳ ಹತ್ತಿರ ಈಜು ಕಲಿತು ಅರ್ಧ ಕೊಳ ಕುಡಿದದ್ದು, ಇಂಥವು.

"ನನ್ನ ಹತ್ರ ಮಂಡಿನೋವು ಬಿಟ್ರೆ ಬೇರೇನಿದೆ ಅತ್ತಿಗೆ?" ಅಂತ ನಾನು ಮೂಗು ಮುರಿಯುತ್ತಿದ್ದೆ. ಒಳ್ಳೆಯ ಸುದ್ದಿ ಅಂದರೆ ನನಗೆ ಮೊದಲಿಂದಲೂ ಅನುಮಾನ. ಆದರೂ ಬೈದುಕೊಂಡೇ ಏನಾದರೊಂದು ಹುಡುಕಿ ತರುತ್ತಿದ್ದೆ.

ಕತೆ ಮೇಲೆ ಹೋದರೆ ಹಾಡು ಕೆಳಗೆ ಬರುತ್ತಿತ್ತು. ಇಸ್ತ್ರಿ ಮಾಮನ ಮೇಜಿನ ಮೇಲೆ ಒಂದು ರೇಡಿಯೋ ಸದಾ ಹಾಡುತ್ತಿರುತ್ತದೆ. ಬಟ್ಟೆ ತೆಗೆಯಲು ಡ್ರಮ್ಮು ನಿಲ್ಲಿಸಿದಾಗ ಮಾತ್ರ ಅದು ನಮ್ಮ ಕಿವಿಗೆ ಬೀಳುವುದು. ಹೀಗಾಗಿ ನಮಗೆ ಎಷ್ಟೋ ಹಾಡುಗಳ ನಡುವಿನ ತುಂಡಷ್ಟೇ ಗೊತ್ತು, ತಲೆಬುಡ ಗೊತ್ತಿಲ್ಲ. ಅತ್ತಿಗೆ ಆ ತುಂಡನ್ನು ಮೇಲೆ ಹೋಗಿ ಗುನುಗಿದರೆ ಅಣ್ಣ ಕಣ್ಣು ಮುಚ್ಚಿ, ಇರುವ ಉಸಿರಿನಲ್ಲೇ ಅದರ ಶುರುವನ್ನು ಹಾಡಿ ತೋರಿಸುತ್ತಿದ್ದರು. ಮರುದಿನ ತುದಿಗೆ ತುದಿ ಸೇರಿಸುವಾಗ ಅದು ನನ್ನ ಕಿವಿಗೆ ಬರುತ್ತಿತ್ತು. ಯಾರಿಗೂ ಹೇಳಿಲ್ಲ, ನಾನು ಕೆಲಸಕ್ಕೆ ಹೊತ್ತಿಗೆ ಮುಂಚೆ ಬರುತ್ತಿದ್ದದ್ದು ಅದಕ್ಕೇ.

ಅವತ್ತು ನಾನು ನಮ್ಮ ಕಟ್ಟಡದ ಕತೆ ಹೇಳುತ್ತಿದ್ದೆ. ಮೂರನೇ ಮಹಡಿಯ ಅಣ್ಣನಿಗೂ ಐದನೇ ಮಹಡಿಯ ತಮ್ಮನಿಗೂ ಮಾತು ಬಿಟ್ಟು ಯಾವ ಕಾಲವಾಯಿತೋ. ಒಬ್ಬ ಮೆಟ್ಟಿಲಲ್ಲಿ ಬಂದರೆ ಇನ್ನೊಬ್ಬ ಲಿಫ್ಟಿನಲ್ಲಿ ಬರುವವನು. ಅಂಥವರು ಆತುರದಲ್ಲಿ ಒಬ್ಬರನ್ನೊಬ್ಬರು ನೋಡದೆ ಒಂದೇ ಲಿಫ್ಟು ಹತ್ತಿದರು. ಕರೆಂಟು ಹೋಯಿತು. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು. ಅಷ್ಟರಲ್ಲಿ ಟ್ರಾಲಿ ಖಾಲಿಯಾಯಿತು. "ಉಳಿದದ್ದು ನಾಳೆ" ಅಂದೆ.

ಅತ್ತಿಗೆ ಅಷ್ಟನ್ನೇ ಮೇಲೆ ಹೇಳಿ ಬಂದರು. ಬೆಳಗ್ಗೆ ಕೇಳಿದ್ದ ಹಾಡಿನ ತುಂಡನ್ನೂ ಗುನುಗಿದ್ದರಂತೆ. "ಇದರ ಶುರು ತುಂಬಾ ಚೆನ್ನಾಗಿದೆ ಕಣೇ, ನಾಳೆ ಹೇಳ್ತೀನಿ, ಇವತ್ತು ಉಸಿರು ಸಾಲದು" ಅಂದಿದ್ದರಂತೆ ಅಣ್ಣ. ಅವತ್ತೇ ಸಂಜೆ ತೀರಿಕೊಂಡರು.

ಎಲ್ಲ ಮುಗಿಸಿ ಕೆಲಸಕ್ಕೆ ಮರಳಿದ ಅತ್ತಿಗೆಯ ಬಾಯಿಗೆ ಬೀಗ ಬಿದ್ದಿತ್ತು. ತುದಿಗೆ ತುದಿ ಸೇರುತ್ತಿತ್ತು, ಮುಖ ನೆಲ ನೋಡುತ್ತಿತ್ತು. ಮಕ್ಕಳಿಲ್ಲದ ಮನೆ ಅವರದು. ಈ ತಿಂಗಳು ಕಳೆದರೆ ಕೆಲಸ ಬಿಡುತ್ತೇನೆ ಅಂತ ಸೂಪರ್‌ವೈಸರಿಗೆ ಹೇಳಿದ್ದರು.

"ಬಿಟ್ಟು ಮನೇಲಿ ಏನ್ ಮಾಡ್ತೀರಿ?" ಅಂತ ಕೇಳಿದೆ.

"ಕೂತ್ಕೋತೀನಿ" ಅಂದರು.

ನನಗೆ ಭಯವಾಯಿತು. ಹಾಗೆ ಕೂತವರು ಏಳುವುದಿಲ್ಲ. ಒಳ್ಳೆ ಸುದ್ದಿ ಹೇಳೋಣವೆಂದು ಒಂದೆರಡು ಸಲ ಬಾಯಿ ತೆಗೆದೆ. "ಯಾರಿಗೆ ಹೇಳಲಿ ಅದನ್ನ?" ಅಂದುಬಿಟ್ಟರು.

ಅಣ್ಣ ಮಲಗಿದ್ದ ವಾರ್ಡಿನ ಶೀಟುಗಳ ಅಂಚಿಗೆ ಹಸಿರು ದಾರದ ಗುರುತು ಇರುತ್ತದೆ. ಹಸಿರು ಅಂಚು ಕೈಗೆ ಸಿಕ್ಕಿದಾಗಲೆಲ್ಲ ಅತ್ತಿಗೆಯ ಬೆರಳು ನಿಂತುಬಿಡುತ್ತಿತ್ತು. ಅದನ್ನು ನೋಡಲಾರದೆ ಇಸ್ತ್ರಿ ಮಾಮ ಒಂದು ಉಪಾಯ ಮಾಡಿದರು. ಹಸಿರು ಅಂಚಿನವನ್ನೆಲ್ಲ ನಮ್ಮ ಕಡೆ ಕಳಿಸದೆ ಬಾಯ್ಲರಿನ ಹಿಂದೆ ಹಾಕಿದರು, ಕೆಲಸ ಮುಗಿದ ಮೇಲೆ ತಾವೇ ಮಡಿಸಿ ಕಳಿಸುವ ಯೋಚನೆಯಲ್ಲಿ. ಮನುಷ್ಯ ಚಿನ್ನದಂಥವರು, ಆದರೆ ಬುದ್ಧಿ ಸ್ವಲ್ಪ ನಿಧಾನ. ಅಷ್ಟು ದೊಡ್ಡ ಶೀಟನ್ನು ಒಬ್ಬರೇ ಹೇಗೆ ಮಡಿಸುವುದು? ಒಂದು ತುದಿ ಹಿಡಿದರೆ ಇನ್ನೊಂದು ನೆಲ ಗುಡಿಸುತ್ತದೆ, ಮತ್ತೆ ಒಗೆಯಬೇಕು. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ರಾಶಿ ಬೆಳೆಯಿತು.

ಒಂದು ಬೆಳಗ್ಗೆ ಆ ವಾರ್ಡಿನ ಹೆಡ್ ಸಿಸ್ಟರ್ ಕೆಂಡಾಮಂಡಲವಾಗಿ ಕೆಳಗೆ ಇಳಿದು ಬಂದರು. ಡ್ರಮ್ಮಿನ ಸದ್ದನ್ನೂ ಮೀರಿಸಿದ ಗಂಟಲು ಅದೊಂದೇ. "ಪೇಷಂಟ್‌ಗಳನ್ನ ಬರೀ ರೆಕ್ಸಿನ್ ಮೇಲೆ ಮಲಗಿಸಿದೀನಿ! ನಿಮ್ಮ ಮನೇವರಾಗಿದ್ರೆ ಹೀಗೆ ಮಾಡ್ತಿದ್ರಾ?"

ಡ್ರಮ್ಮು ನಿಲ್ಲಿಸಿದೆವು. ಹುಡುಕಿದಾಗ ಬಾಯ್ಲರಿನ ಹಿಂದೆ ಹಸಿರು ಅಂಚಿನ ಗುಡ್ಡವೇ ಸಿಕ್ಕಿತು. ಇಸ್ತ್ರಿ ಮಾಮ ತಲೆ ತಗ್ಗಿಸಿ ನಿಂತರು. ಅತ್ತಿಗೆ ಒಮ್ಮೆ ಅವರನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಯಾತಕ್ಕೆ ಹೀಗಾಯಿತೆಂದು ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಮೇಲಿನ ಶೀಟು ಎಳೆದು ಎರಡು ತುದಿ ನನ್ನ ಕಡೆ ಚಾಚಿದರು. ಅಷ್ಟನ್ನೂ ಮಡಿಸಿದೆವು. ಟ್ರಾಲಿಯನ್ನು ಬೇರೆ ಯಾರಿಗೂ ಕೊಡದೆ ತಾವೇ ತಳ್ಳಿಕೊಂಡು ಮೇಲೆ ಹೋದರು.

ಬಹಳ ಹೊತ್ತಾದರೂ ಬರಲಿಲ್ಲ. ಕೊನೆಗೂ ಖಾಲಿ ಟ್ರಾಲಿ ತಳ್ಳಿಕೊಂಡು ಬಂದರು, ಕಣ್ಣು ಕೆಂಪಾಗಿತ್ತು. ಶೀಟು ಎತ್ತಿಕೊಂಡರು. ತುದಿಗೆ ತುದಿ ಸೇರಿದಾಗ ಕೇಳಿದರು: "ಆ ಅಣ್ಣ ತಮ್ಮ ಏನಾದ್ರು ಕಣೇ?"

ಯಾವ ಅಣ್ಣ ತಮ್ಮ ಎಂದು ನನಗೆ ಹೊಳೆಯಲಿಲ್ಲ. ಮುಂದಿನ ಶೀಟಿಗೆ ಹೇಳಿದರು: "ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ರಲ್ಲ, ಅವರು."

ಅದರ ಮುಂದಿನದಕ್ಕೆ: "ನಮ್ಮನೆಯವರ ಪಕ್ಕದ ಮಂಚದ ವಾಚ್ ರಿಪೇರಿ ಅಜ್ಜ ಕೇಳಿದ್ರು."

ಆಮೇಲೆ: "'ತಾಯಿ, ಅವರಿಬ್ರನ್ನೂ ಲಿಫ್ಟಲ್ಲೇ ಬಿಟ್ಟು ಹೋಗ್ಬಿಟ್ಯಲ್ಲ, ಈಗಲಾದ್ರೂ ಬಿಡಿಸಮ್ಮ' ಅಂದ್ರು."

ಇನ್ನೊಂದು ಶೀಟಿಗೆ ಅವರೇ ಹೇಳಿದರು: "ನಾನು ಇವರೊಬ್ರಿಗೇ ಹೇಳ್ತಿದೀನಿ ಅಂದ್ಕೊಂಡಿದ್ದೆ ಕಣೇ. ವಾರ್ಡಿಗೆ ವಾರ್ಡೇ ಊಟ ಮುಂದಿಟ್ಕೊಂಡು ಕೇಳಿಸ್ಕೋತಿತ್ತಂತೆ."

ಆ ಶೀಟನ್ನು ಅವರು ಕೆಳಗಿಡಲಿಲ್ಲ. ಅದರಲ್ಲೇ ಮುಖ ಮುಚ್ಚಿಕೊಂಡರು. ಗಂಡ ತೀರಿಕೊಂಡ ದಿನ ಅಳದ ಹೆಂಗಸು ಅವತ್ತು ಅತ್ತರು. ಕೊನೆಗೆ ಮುಖ ಒರೆಸಿಕೊಂಡು, "ಹೇಳು" ಅಂದರು.

ಈಗ ಫಜೀತಿ ನನ್ನದಾಯಿತು. ಅಣ್ಣ ತಮ್ಮ ತಬ್ಬಿಕೊಂಡು ಅತ್ತರು, ಈಗ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ ಅಂತ ಹೇಳಿಬಿಡೋಣ ಅನ್ನಿಸಿತು. ನಡೆದದ್ದು ಅಷ್ಟು ಸಿಹಿಯಲ್ಲ. ಆದರೆ ನಿಜ ಹೇಳಬೇಕೆಂಬ ಷರತ್ತು ಇತ್ತಲ್ಲ. ಒಂದೊಂದೇ ಶೀಟಿಗೆ ಒಂದೊಂದೇ ಮಾತು ಕೊಟ್ಟೆ.

"ಮೆಕ್ಯಾನಿಕ್ ಬಂದು ಬಾಗಿಲು ಮೀಟಿದ, ಆದ್ರೆ ಸಂದಿ ಬಿಟ್ಟದ್ದು ಮೇಲ್ಗಡೆ."

"ಹತ್ತೋಕೆ ಏನೂ ಇಲ್ಲ. ಅಣ್ಣ ನೋಡಿದ್ರೆ ಡುಮ್ಮ."

"ತಮ್ಮ ಏನೂ ಮಾತಾಡ್ದೆ ಗೋಡೆ ಹಿಡ್ಕೊಂಡು ಬಗ್ಗಿ ನಿಂತ್ಕೊಂಡ."

"ಅಣ್ಣ ಬೆನ್ನ ಮೇಲೆ ಕಾಲಿಡೋಕ್ಕೆ ಮುಂಚೆ ಚಪ್ಪಲಿ ಬಿಚ್ಚಿದ."

ಅತ್ತಿಗೆ ನಡೆಯುವುದನ್ನು ನಿಲ್ಲಿಸಿ, ಮತ್ತೆ ಬಂದರು.

"ಮೇಲೆ ಹೋದವನು ಹೊಟ್ಟೆ ಮೇಲೆ ಮಲಗಿ ಕೈ ಚಾಚಿ ತಮ್ಮನ್ನ ಎಳ್ಕೊಂಡ."

"ಆಮೇಲೆ ಮಾತಾಡಿದ್ರಾ?"

"ಇಲ್ಲ. ಇವತ್ತಿಗೂ ಇಲ್ಲ. ಅಣ್ಣ ಚಪ್ಪಲಿ ಲಿಫ್ಟಲ್ಲೇ ಬಿಟ್ಟು ಬರಿಗಾಲಲ್ಲೇ ಮನೆಗೆ ಹೋದ."

ಕೊನೆಯ ಶೀಟು ಉಳಿದಿತ್ತು. "ಸಂಜೆ ನೋಡಿದ್ರೆ ಚಪ್ಪಲಿ ಅವನ ಮನೆ ಬಾಗಿಲ ಮುಂದೆ ಇತ್ತು. ಒರೆಸಿ ಜೋಡಿಸಿ ಇಟ್ಟಿದ್ರು."

"ಇಷ್ಟೇನಾ?"

"ಇಷ್ಟೇ ಅತ್ತಿಗೆ."

"ಸಾಕು" ಅಂದರು. ಮಧ್ಯಾಹ್ನ ಆ ಕತೆಯನ್ನು ಹೊತ್ತುಕೊಂಡು ಮೇಲೆ ಹೋದರು.

ಮರುದಿನ ಬೆಳಗ್ಗೆ ಮೊದಲ ಶೀಟಿನ ತುದಿ ಸೇರಿದಾಗ ಅತ್ತಿಗೆ ಏನನ್ನೋ ಗುನುಗಿದರು. ನಾನು ಕಣ್ಣಲ್ಲೇ ಕೇಳಿದೆ. ಶೀಟಿಗೊಂದು ಮಾತಿನಂತೆ ಹೇಳಿದರು. ಆ ಕೊನೆಯ ದಿನ ತಾವು ಕೆಳಗೆ ಬಂದ ಮೇಲೆ ಅಣ್ಣ ಪಕ್ಕಕ್ಕೆ ಹೊರಳಿ, ಆ ಹಾಡಿನ ಶುರುವನ್ನು ವಾಚ್ ರಿಪೇರಿ ಅಜ್ಜನಿಗೆ ಹಾಡಿ ತೋರಿಸಿದ್ದರಂತೆ. "ನಾಳೆಗೆ ನನಗೆ ಉಸಿರು ಇರುತ್ತೋ ಇಲ್ಲವೋ, ಇದನ್ನ ನೀವು ಇಟ್ಕೊಂಡಿರಿ, ಅವಳು ಬಂದಾಗ ಕೊಡಿ" ಅಂದಿದ್ದರಂತೆ. ಅಜ್ಜ ಮರೆತುಹೋದೀತೆಂದು ಅವತ್ತಿನಿಂದ ದಿನಾ ಅದನ್ನೇ ಗುನುಗುತ್ತಿದ್ದರಂತೆ. ಕೊಡುವುದಕ್ಕೆ ಅತ್ತಿಗೆ ಅಲ್ಲಿಯವರೆಗೆ ಮೇಲೆ ಹೋಗಿರಲೇ ಇಲ್ಲ; ಹಿಂದಿನ ಮಧ್ಯಾಹ್ನ ಕತೆ ಮುಗಿದ ಮೇಲೆ ಕೊಟ್ಟರಂತೆ.

"ಅಜ್ಜಂಗೆ ಶ್ರುತಿ ಅನ್ನೋದೇ ಇಲ್ಲ ಕಣೇ. ಹಾಡು ಅಡ್ಡಾದಿಡ್ಡಿ ಆಗಿದೆ. ನಾನೇ ಸರಿ ಮಾಡ್ಕೋಬೇಕು."

ಹಾಗೆಂದು ಶೀಟಿನಿಂದ ಶೀಟಿಗೆ ಅದನ್ನು ಸರಿ ಮಾಡುತ್ತ ಹೋದರು. ಎಲ್ಲಿಯೋ ಒಂದು ಕಡೆ ಅದು ಬಂದು ನಮಗೆ ಗೊತ್ತಿದ್ದ ನಡುವಿನ ತುಂಡಿಗೆ ಸೇರಿಕೊಂಡಿತು. ಅಷ್ಟರಲ್ಲಿ ಡ್ರಮ್ಮು ನಿಂತಿತ್ತು, ಅತ್ತಿಗೆಗೆ ಅದರ ಅರಿವಿರಲಿಲ್ಲ. ಇಡೀ ಲಾಂಡ್ರಿಗೆ ಕೇಳುವಂತೆ ಹಾಡುತ್ತಿದ್ದರು. ಇಸ್ತ್ರಿ ಮಾಮ ಕೈ ಚಾಚಿ ರೇಡಿಯೋ ಆರಿಸಿದರು.

ತಿಂಗಳು ಕಳೆದಾಗ ಸೂಪರ್‌ವೈಸರ್ ಬಂದು, "ಯಾವತ್ತಿಂದ ಬಿಡ್ತೀರಮ್ಮ?" ಅಂತ ಕೇಳಿದರು.

"ಮಧ್ಯಾಹ್ನ ಮೇಲೆ ವಾರ್ಡಲ್ಲಿ ಕಾಯ್ತಾ ಇರ್ತಾರೆ ಸಾರ್" ಅಂದರು ಅತ್ತಿಗೆ. ಅವರಿಗೆ ಏನು ಅರ್ಥವಾಯಿತೋ, ಹೊರಟುಹೋದರು. ಅತ್ತಿಗೆ ನನ್ನ ಕಡೆ ಶೀಟಿನ ತುದಿ ಚಾಚಿ, ಹತ್ತಿರ ಬಂದು, "ನಾಳೆಗೆ ಏನಿದೆಯೇ?" ಅಂದರು.

ನನ್ನ ಹತ್ತಿರ ಒಂದು ಕತೆಯೂ ಇರಲಿಲ್ಲ. ಅವತ್ತು ಸಂಜೆ ಬಸ್ಸು ಬಿಟ್ಟು, ಮಂಡಿನೋವಿನಲ್ಲೇ, ಆ ಕಡೆ ಈ ಕಡೆ ನೋಡುತ್ತ ಮನೆಗೆ ನಡೆದುಕೊಂಡು ಹೋದೆ.